ಪ್ರಮಾಣಪತ್ರ ಕೊಂಡರೆ ಹೊಣೆ ತೀರಿತೇ?

ಬೆಂಗಳೂರಿನ ಮನೆ ಮಾಲೀಕರು 2025ರ ಏಪ್ರಿಲ್‌ನಿಂದ ಆಸ್ತಿ ತೆರಿಗೆಯ ಜೊತೆಗೆ ಕಸದ ಶುಲ್ಕವನ್ನೂ ಕಟ್ಟುತ್ತಿದ್ದಾರೆ. ಕಟ್ಟಡದ ಅಳತೆ ನೋಡಿ ತಿಂಗಳಿಗೆ 10 ರೂಪಾಯಿಯಿಂದ 400 ರೂಪಾಯಿವರೆಗೆ. ಕಸ ಮಾಡಿದವರು ಅದರ ಖರ್ಚು ಭರಿಸಬೇಕು ಎಂಬ ಮಾತನ್ನು ಒಪ್ಪೋಣ. ಆದರೆ ಅದೇ ಮನೆಯ ಒಣ ಕಸದ ಚೀಲವನ್ನು ಬಿಚ್ಚಿ ನೋಡಿ. ಚಿಪ್ಸ್ ಪೊಟ್ಟಣ, ಶಾಂಪೂ ಸ್ಯಾಶೆ, ಬಿಸ್ಕತ್ತಿನ ಹೊದಿಕೆ, ಆನ್‌ಲೈನ್‌ನಲ್ಲಿ ತರಿಸಿದ ಸಾಮಾನಿಗೆ ಸುತ್ತಿ ಬಂದ ಗುಳ್ಳೆ ಪ್ಲಾಸ್ಟಿಕ್, ಕೆಟ್ಟುಹೋದ ಒಂದು ಚಾರ್ಜರ್, ರಿಮೋಟಿನಿಂದ ತೆಗೆದ ಎರಡು ಸೆಲ್. ಮನೆಯವರು ದುಡ್ಡು ಕೊಟ್ಟು ತಂದದ್ದು ಚಿಪ್ಸನ್ನು. ಅದನ್ನು ಮೂರು ಪದರದ ಹೊದಿಕೆಯಲ್ಲಿ ಸುತ್ತಿಕೊಡಿ ಎಂದು ಅವರೇನೂ ಕೇಳಿರಲಿಲ್ಲ. ಆ ಆಯ್ಕೆ ಕಂಪನಿಯದು, ಅದರಿಂದ ಸಿಕ್ಕ ಲಾಭವೂ ಕಂಪನಿಯದು. ಹೊದಿಕೆಯ ಮೇಲೆ ಕಂಪನಿಯ ಹೆಸರು, ವಿಳಾಸ, ಗ್ರಾಹಕ ಸಹಾಯವಾಣಿಯ ಸಂಖ್ಯೆ ಎಲ್ಲವೂ ಅಚ್ಚಾಗಿವೆ. ಕಸ ಎತ್ತುವ ಖರ್ಚಿನ ಲೆಕ್ಕದಲ್ಲಿ ಮಾತ್ರ ಆ ಹೆಸರು ಎಲ್ಲೂ ಕಾಣುವುದಿಲ್ಲ.

ಕಾನೂನು ಇಲ್ಲವೆಂದೇನಲ್ಲ. ತಾನು ಮಾರಿದ ವಸ್ತು ಕಸವಾದ ಮೇಲೆ ಅದನ್ನು ವಾಪಸ್ ಪಡೆದು ಮರುಬಳಕೆಗೆ ಕಳಿಸುವ ಹೊಣೆ ಕಂಪನಿಯದೇ ಎಂದು ಭಾರತದ ಕಾನೂನು ಸ್ಪಷ್ಟವಾಗಿ ಹೇಳುತ್ತದೆ. ಉತ್ಪಾದಕರ ವಿಸ್ತರಿತ ಹೊಣೆಗಾರಿಕೆ ಎಂದು ಅದರ ಹೆಸರು, ಕಚೇರಿಗಳ ಬಾಯಲ್ಲಿ ಇಪಿಆರ್. ಬ್ಯಾಟರಿ, ಇ-ತ್ಯಾಜ್ಯ, ಪ್ಲಾಸ್ಟಿಕ್ ಪ್ಯಾಕಿಂಗ್, ಟೈರ್, ಬಳಸಿದ ಎಂಜಿನ್ ಆಯಿಲ್, ಗುಜರಿಗೆ ಬಂದ ವಾಹನ ಎಲ್ಲಕ್ಕೂ ಈಗ ಪ್ರತ್ಯೇಕ ನಿಯಮಗಳಿವೆ. ಕಾನೂನಿನ ಜಾಲ ಅಷ್ಟು ವ್ಯಾಪಕವಾಗಿದೆ. ಹಾಗಿದ್ದೂ ನಮ್ಮ ಊರಿನ ಚರಂಡಿ, ಕೆರೆ, ಹೊಲದ ಬದು ಏಕೆ ಹೀಗಿವೆ? ನನ್ನ ಉತ್ತರ ಇದು: ಕಾನೂನು ಕಂಪನಿಯ ಹೆಗಲಿಗೆ ಹೊರಿಸಿದ ಹೊಣೆ, ಜಾರಿಗೆ ಬರುವ ಹೊತ್ತಿಗೆ ‘ಇಷ್ಟು ಕಸ ಮರುಬಳಕೆಯಾಗಿದೆ’ ಎಂಬ ಪ್ರಮಾಣಪತ್ರದ ವ್ಯಾಪಾರವಾಗಿ ಕರಗಿಹೋಗಿದೆ. ವಸ್ತು ವಾಪಸ್ ಬಂತೇ ಎಂದು ಯಾರೂ ಕೇಳುತ್ತಿಲ್ಲ. ಪ್ರಮಾಣಪತ್ರ ಬಂತೇ ಎಂದಷ್ಟೇ ಕೇಳುತ್ತಿದ್ದಾರೆ.

ಈ ಚಿಂತನೆ ಹುಟ್ಟಿದ್ದು ಸ್ವೀಡನ್ನಿನಲ್ಲಿ. ಲುಂಡ್ ವಿಶ್ವವಿದ್ಯಾಲಯದ ಥಾಮಸ್ ಲಿಂಡ್‌ಕ್ವಿಸ್ಟ್ 1990ರಲ್ಲಿ ಅಲ್ಲಿನ ಪರಿಸರ ಸಚಿವಾಲಯಕ್ಕೆ ಕೊಟ್ಟ ವರದಿಯಲ್ಲಿ ಇದನ್ನು ಮುಂದಿಟ್ಟರು. ವಸ್ತು ಕೊನೆಗೆ ಏನಾಗುತ್ತದೆ ಎಂಬುದು ವಿನ್ಯಾಸದ ಮೇಜಿನ ಮೇಲೆ ತೀರ್ಮಾನವಾಗುತ್ತದೆ. ಕಸದ ಖರ್ಚನ್ನು ಕಂಪನಿಯ ಲೆಕ್ಕಪುಸ್ತಕಕ್ಕೇ ತಂದರೆ ಆ ಮೇಜಿನ ಮುಂದೆ ಕೂತವರು ಬೇರೆ ಬಗೆಯಲ್ಲಿ ಯೋಚಿಸುತ್ತಾರೆ ಎಂಬುದು ಅವರ ವಾದದ ತಿರುಳು. ಕಸ ವಿಲೇವಾರಿಗೆ ಹಣ ಹೊಂದಿಸುವುದು ಅದರ ಒಂದು ಭಾಗ ಮಾತ್ರ. ವಸ್ತುವಿನ ಸ್ವರೂಪವನ್ನೇ ಬದಲಿಸುವುದು ಮುಖ್ಯ ಗುರಿ.

ಮರುವರ್ಷವೇ, 1991ರಲ್ಲಿ, ಜರ್ಮನಿ ಇದನ್ನು ಕಾನೂನಿಗೆ ತಂದಿತು. ಪರಿಸರ ಸಚಿವರಾಗಿದ್ದ ಕ್ಲಾಸ್ ಟಾಪ್ಫರ್ ಕಾಲದ ಪ್ಯಾಕಿಂಗ್ ಆದೇಶ ಗ್ರಾಹಕರಿಗೆ ದೊಡ್ಡ ಅಧಿಕಾರವೊಂದನ್ನು ಕೊಟ್ಟಿತು. ಬೇಡದ ಪೊಟ್ಟಣವನ್ನು ಅಂಗಡಿಯಲ್ಲೇ ಬಿಚ್ಚಿಟ್ಟು ಬರಬಹುದಿತ್ತು, ಅಂಗಡಿಯವರು ಬೇಡ ಎನ್ನುವಂತಿರಲಿಲ್ಲ. ಅಂಗಡಿಯವರು ಆ ರಾಶಿಯನ್ನು ಕಂಪನಿಗಳಿಗೆ ತೋರಿಸಿದರು. ಟೂತ್‌ಪೇಸ್ಟಿನ ಹೊರಗಿನ ರಟ್ಟಿನ ಪೆಟ್ಟಿಗೆಯಂಥ ಅನಗತ್ಯ ಹೊದಿಕೆಗಳು ಕಪಾಟಿನಿಂದ ಇಳಿಯತೊಡಗಿದವು. ಜಪಾನ್ 2001ರಲ್ಲಿ ಟಿ.ವಿ, ಫ್ರಿಜ್, ವಾಷಿಂಗ್ ಮಷೀನ್, ಎ.ಸಿ.ಗಳಿಗೆ ಬೇರೆಯದೇ ದಾರಿ ಹಿಡಿಯಿತು. ಅಲ್ಲಿ ಹಳೆಯ ಯಂತ್ರವನ್ನು ಬಿಟ್ಟುಕೊಡುವಾಗ ಗ್ರಾಹಕನೇ ಶುಲ್ಕ ಕೊಡಬೇಕು. ಆದರೆ ಅದನ್ನು ಬಿಚ್ಚಿ ಬೇರ್ಪಡಿಸುವ ಕೆಲಸ ತಯಾರಕರ ಮೇಲೆಯೇ ಇದೆ, ಅದಕ್ಕೆಂದೇ ಅವರು ಘಟಕಗಳನ್ನು ಕಟ್ಟಿದ್ದಾರೆ. ಎಲ್ಲಿ ಸ್ಕ್ರೂ ಬೇಕಿತ್ತು, ಎಲ್ಲಿ ಅಂಟು ಬಳಸಿ ಕೆಲಸ ಕೆಡಿಸಿದ್ದೇವೆ ಎಂಬುದು ಕಂಪನಿಯ ಎಂಜಿನಿಯರಿಗೆ ಅಲ್ಲಿ ತಾನಾಗಿ ತಿಳಿಯುತ್ತದೆ.

ಭಾರತ ಈ ದಾರಿಗೆ ಬಂದದ್ದು 2001ರ ಬ್ಯಾಟರಿ ನಿಯಮದ ಮೂಲಕ. ಕಾರು, ಯುಪಿಎಸ್‌ಗಳ ಸೀಸದ ಬ್ಯಾಟರಿಯನ್ನು ಡೀಲರ್‌ಗಳ ಮೂಲಕ ವಾಪಸ್ ಪಡೆಯಬೇಕೆಂದು ಅದು ವಿಧಿಸಿತು. ಇವತ್ತಿಗೂ ಬ್ಯಾಟರಿ ಅಂಗಡಿಗೆ ಹೋದರೆ ಮೊದಲ ಪ್ರಶ್ನೆ ‘ಹಳೇದು ಇದೆಯಾ?’ ಎಂಬುದೇ. ಹಳೆಯದನ್ನು ಕೊಟ್ಟರೆ ಬೆಲೆ ಇಳಿಯುತ್ತದೆ. ಕೊಳ್ಳುವವರಿಗೆ ಕಾನೂನು ಗೊತ್ತಿರಬೇಕಾದ ಅಗತ್ಯವೇ ಅಲ್ಲಿಲ್ಲ, ಲೆಕ್ಕ ಕೈಯಲ್ಲೇ ಕಾಣುತ್ತದೆ. ಹೀಗೆ ಬಂದ ಬ್ಯಾಟರಿಗಳಲ್ಲಿ ಎಷ್ಟೋ ಊರಾಚೆಯ ಅಕ್ರಮ ಕುಲುಮೆಗಳಿಗೆ ಹೋಗಿ ಸೀಸದ ಹೊಗೆಯಾಗುತ್ತವೆ ಎಂಬುದು ಬೇರೆ ಮಾತು, ಅದೂ ಗಂಭೀರವಾದದ್ದೇ. ಆದರೆ ವಸ್ತು ಮನೆಯಿಂದ ಅಂಗಡಿಗೆ ಹಿಂದಿರುಗುವ ಕೊಂಡಿ ಮಾತ್ರ ಗಟ್ಟಿಯಾಗಿದೆ.

ಇ-ತ್ಯಾಜ್ಯದಲ್ಲಿ ಆ ಕೊಂಡಿ ಕೂಡಲೇ ಇಲ್ಲ. 2011ರ ನಿಯಮ 2012ರ ಮೇ 1ರಿಂದ ಜಾರಿಗೆ ಬಂದಾಗ ಹೊಣೆ ಹೊರಿಸಿತು, ಗುರಿ ನಿಗದಿಪಡಿಸಲಿಲ್ಲ. 2016ರ ನಿಯಮ ಗುರಿ ತಂದಿತು. 2018ರ ತಿದ್ದುಪಡಿ ಅದನ್ನು ಸಡಿಲಿಸಿ 2017-18ಕ್ಕೆ ಶೇ 10ರಿಂದ ಆರಂಭಿಸಿತು. ಈಗಿರುವುದು 2022ರ ನಿಯಮ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಮೊಬೈಲಿನಿಂದ ಹಿಡಿದು ಆಟಿಕೆವರೆಗೆ 106 ಬಗೆಯ ಉಪಕರಣಗಳು ಇದರ ವ್ಯಾಪ್ತಿಗೆ ಬಂದಿವೆ. ಮೊದಲೆರಡು ವರ್ಷ ಶೇ 60, ಆಮೇಲಿನ ಎರಡು ವರ್ಷ ಶೇ 70, 2027-28ರಿಂದ ಶೇ 80ರ ಗುರಿ. ಕಾಗದದ ಮೇಲೆ ಇದು ಎದೆಗಾರಿಕೆಯ ನಿಯಮ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಅಂಕಿಗಳ ಪ್ರಕಾರವೇ 2021-22ರಲ್ಲಿ ದೇಶದಲ್ಲಿ ಹುಟ್ಟಿದ 16 ಲಕ್ಷ ಟನ್ ಇ-ತ್ಯಾಜ್ಯದಲ್ಲಿ ಅಧಿಕೃತವಾಗಿ ಸಂಸ್ಕರಣೆಯಾದದ್ದು 5.27 ಲಕ್ಷ ಟನ್, ಅಂದರೆ ಮೂರರಲ್ಲಿ ಒಂದು ಪಾಲು. ಮಿಕ್ಕ ಎರಡು ಪಾಲು ಎಲ್ಲಿಗೆ ಹೋಯಿತು ಎಂಬುದು ಬೆಂಗಳೂರಿನ ಜಾಲಿ ಮೊಹಲ್ಲಾ, ಗೌರಿಪಾಳ್ಯಗಳ ಗಲ್ಲಿಗಳನ್ನು ಕಂಡವರಿಗೆ ಗೊತ್ತು.

ಹೊಸ ನಿಯಮ ಕೆಲಸ ಮಾಡುವ ಬಗೆ ಹೀಗೆ. ಒಂದು ಕಂಪನಿ ಹಿಂದೊಂದು ವರ್ಷ ಮಾರಿದ ಉಪಕರಣಗಳ ತೂಕ, ಅವುಗಳ ಸರಾಸರಿ ಆಯುಸ್ಸು ಎರಡನ್ನೂ ಹಿಡಿದು ಈ ವರ್ಷದ ಗುರಿಯನ್ನು ಲೆಕ್ಕ ಹಾಕಲಾಗುತ್ತದೆ. ಆ ತೂಕಕ್ಕೆ ಸಮನಾದ ಪ್ರಮಾಣಪತ್ರಗಳನ್ನು ಕಂಪನಿ ನೋಂದಾಯಿತ ಮರುಬಳಕೆದಾರರಿಂದ ಮಂಡಳಿಯ ಪೋರ್ಟಲ್ಲಿನಲ್ಲಿ ಕೊಂಡರೆ ಮುಗಿಯಿತು. ತನ್ನದೇ ಫೋನು, ತನ್ನದೇ ಫ್ರಿಜ್ ವಾಪಸ್ ಬರಬೇಕೆಂದಿಲ್ಲ. ಬೆಂಗಳೂರಿನಲ್ಲಿ ಮಾರಿದ ಟಿ.ವಿ.ಗೆ ಪ್ರಮಾಣಪತ್ರ ಇನ್ಯಾವುದೋ ರಾಜ್ಯದಿಂದ ಬಂದರೂ ನಡೆಯುತ್ತದೆ. ಹಿಂದಿನ ನಿಯಮದಲ್ಲಿದ್ದ ಸಂಗ್ರಹ ಕೇಂದ್ರ, ಬಿಚ್ಚುವವರು, ಕಂಪನಿಗಳ ಪರವಾಗಿ ಸಂಗ್ರಹಿಸುವ ಸಂಸ್ಥೆ ಇವರೆಲ್ಲರೂ ನೋಂದಣಿಯ ಚೌಕಟ್ಟಿನಿಂದ ಹೊರಬಿದ್ದಿದ್ದಾರೆ. ಉಳಿದವರು ತಯಾರಕ, ಉತ್ಪಾದಕ, ದುರಸ್ತಿ ಮಾಡಿ ಮಾರುವವ, ಮರುಬಳಕೆದಾರ ಈ ನಾಲ್ವರೇ. ಅಂದರೆ ಮನೆಯಿಂದ ಕಾರ್ಖಾನೆವರೆಗಿನ ಇಡೀ ದಾರಿಯೇ ನಿಯಮದ ನಕ್ಷೆಯಲ್ಲಿ ಕಾಣೆಯಾಗಿದೆ. ಆ ದಾರಿಯಲ್ಲಿ ತಳ್ಳುಗಾಡಿ ತಳ್ಳುತ್ತಿರುವವನಿಗೆ ನಿಯಮದಲ್ಲಿ ಹೆಸರೇ ಇಲ್ಲ.

ಇದಕ್ಕಿಂತ ಆಳವಾದ ದೋಷವೊಂದಿದೆ, ಅದರ ಬಗ್ಗೆ ಚರ್ಚೆ ಸಾಲದು. ಪ್ರಮಾಣಪತ್ರ ಹುಟ್ಟುವುದು ಚಿನ್ನ, ತಾಮ್ರ, ಅಲ್ಯೂಮಿನಿಯಂ, ಕಬ್ಬಿಣ ಈ ನಾಲ್ಕು ಲೋಹಗಳಿಗೆ. ಗುಜರಿ ಅಂಗಡಿಯಲ್ಲಿ ಒಂದು ಹಳೇ ಫ್ರಿಜ್ ಬಿಚ್ಚುವುದನ್ನು ನೋಡಿದರೆ ಸಮಸ್ಯೆ ಏನೆಂದು ತಿಳಿಯುತ್ತದೆ. ಹುಡುಗನೊಬ್ಬ ಹಿಂದಿನ ಕೊಳವೆಯನ್ನು ಕಟಿಂಗ್ ಪ್ಲೇಯರಿನಿಂದ ಕತ್ತರಿಸುತ್ತಾನೆ. ಉಸ್ಸೆಂದು ಸದ್ದಾಗಿ ಒಳಗಿದ್ದ ಗ್ಯಾಸ್ ಗಾಳಿಗೆ ಹೋಗುತ್ತದೆ, ಭೂಮಿಯನ್ನು ಕಾಯಿಸುವುದರಲ್ಲಿ ಇಂಗಾಲದ ಡೈ ಆಕ್ಸೈಡಿಗಿಂತ ಎಷ್ಟೋ ಪಟ್ಟು ಬಲವಾದ ಅನಿಲ ಅದು. ಕಂಪ್ರೆಸರ್ ಒಡೆದು ತಾಮ್ರದ ಸುರುಳಿ ಒಂದು ಕಡೆ, ಕಬ್ಬಿಣ ಒಂದು ಕಡೆ. ಒಳಗಿನ ಎಣ್ಣೆ ಮಣ್ಣಿಗೆ ಇಂಗುತ್ತದೆ. ಗೋಡೆಯೊಳಗಿನ ಹಳದಿ ಫೋಮ್ ಚೀಲ ಸೇರಿ ರಾತ್ರಿ ಎಲ್ಲೋ ಖಾಲಿ ಜಾಗಕ್ಕೆ ಬೀಳುತ್ತದೆ. ಹಳೇ ಟಿ.ವಿ.ಯ ಪಿಕ್ಚರ್ ಟ್ಯೂಬಾದರೆ ಸೀಸವಿರುವ ಗಾಜು ಹಾಗೇ ಉಳಿಯುತ್ತದೆ. ವೈರಿನಿಂದ ತಾಮ್ರ ತೆಗೆಯಲು ಸುಲಿಯುವಷ್ಟು ಪುರುಸೊತ್ತಿಲ್ಲದಿದ್ದರೆ ಬೆಂಕಿ. ಸರ್ಕ್ಯೂಟ್ ಬೋರ್ಡಿನ ಚಿನ್ನಕ್ಕೆ ಆಸಿಡ್.

ಗಮನಿಸಿ: ಹುಡುಗ ಜೋಪಾನವಾಗಿ ಎತ್ತಿಡುವ ಲೋಹಗಳಿಗೇ ಕಾನೂನೂ ಪ್ರಮಾಣಪತ್ರ ಕೊಡುತ್ತದೆ. ಪೇಟೆಯಲ್ಲಿ ಈಗಾಗಲೇ ಬೆಲೆ ಇರುವುದಕ್ಕೆ ಇನ್ನಷ್ಟು ಬೆಲೆ. ಬೆಲೆಯಿಲ್ಲದ, ವಿಷವಾದ, ಖರ್ಚು ಮಾಡಿಯೇ ವಿಲೇವಾರಿ ಮಾಡಬೇಕಾದ ಗ್ಯಾಸ್, ಫೋಮ್, ಸೀಸದ ಗಾಜಿಗೆ ಪ್ರಮಾಣಪತ್ರದಲ್ಲಿ ಜಾಗವಿಲ್ಲ. ನೋಂದಾಯಿತ ಘಟಕ ಅವನ್ನು ಸರಿಯಾಗಿ ವಿಲೇ ಮಾಡಬೇಕೆಂದು ನಿಯಮ ಹೇಳುತ್ತದೆ, ನಿಜ. ಆದರೆ ಸರಿಯಾಗಿ ಮಾಡಿದವನಿಗೆ ಖರ್ಚು ಹೆಚ್ಚು, ಗುಜರಿಗಿಂತ ಕಡಿಮೆ ಬೆಲೆಯನ್ನಷ್ಟೇ ಅವನು ಮನೆಯವರಿಗೆ ಕೊಡಬಲ್ಲ. ಹಾಗಾಗಿ ಮಾಲು ಅವನ ಬಳಿ ಬರುವುದೇ ಇಲ್ಲ. ದೇಶದ ಮೊದಲ ಸರ್ಕಾರಿ ಮಾನ್ಯತೆಯ ಇ-ತ್ಯಾಜ್ಯ ಮರುಬಳಕೆ ಘಟಕ, ಇ-ಪರಿಸರ, 2005ರಲ್ಲಿ ಶುರುವಾದದ್ದು ನಮ್ಮ ದಾಬಸ್‌ಪೇಟೆಯಲ್ಲೇ. ತಂತ್ರಜ್ಞಾನ, ಪರಿಣತಿ ಯಾವುದೂ ಇಲ್ಲಿಲ್ಲವೆಂದಲ್ಲ. ಕೆಲಸ ಅಚ್ಚುಕಟ್ಟಾಗಿ ಮಾಡುವವನಿಗೆ ಪೈಪೋಟಿಯಲ್ಲಿ ನಿಲ್ಲುವ ಶಕ್ತಿಯನ್ನು ಕಾನೂನು ಕೊಡಬೇಕಿತ್ತು, ಕೊಡಲಿಲ್ಲ.

ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಹಟ್ಟಿಯಲ್ಲಿ ಇವತ್ತಿಗೂ ಟನ್ ಅದಿರಿಗೆ ಕೆಲವೇ ಗ್ರಾಂ ಚಿನ್ನಕ್ಕಾಗಿ ಭೂಮಿಯೊಳಗೆ ಇಳಿಯುತ್ತಾರೆ. ಒಂದು ಟನ್ ಹಳೇ ಮೊಬೈಲಿನಲ್ಲಿ ಅದಕ್ಕಿಂತ ಹಲವು ಪಟ್ಟು ಹೆಚ್ಚು ಚಿನ್ನವಿರುತ್ತದೆ. ನಮ್ಮ ಮೇಜಿನ ಖಾನೆಗಳಲ್ಲಿ ಮಲಗಿರುವ ಆ ಫೋನುಗಳನ್ನು ಹೊರಗೆ ತರುವ ಶಕ್ತಿ ಮಾರಿದ ಕಂಪನಿಗಿದೆ. ಹೊಸ ಫೋನಿನ ಜಾಹೀರಾತು ನಮ್ಮನ್ನು ಹುಡುಕಿಕೊಂಡು ಬರುವಷ್ಟು ಸಲೀಸಾಗಿ ಹಳೆಯದನ್ನು ಒಯ್ಯುವವನೂ ಬರಬಹುದು. ಅದಕ್ಕೆ ಕಂಪನಿ ಖರ್ಚು ಮಾಡಬೇಕು, ಅಷ್ಟೇ.

ಆ ಖರ್ಚಿನ ಮಾತು ಬಂದಾಗ ಏನಾಯಿತು ನೋಡಿ. ಪ್ರಮಾಣಪತ್ರದ ಬೆಲೆ ಪಾತಾಳಕ್ಕೆ ಇಳಿದು ಮರುಬಳಕೆದಾರರಿಗೆ ಏನೂ ಗಿಟ್ಟದಂತಾದಾಗ, 2024ರಲ್ಲಿ ಕೇಂದ್ರ ಸರ್ಕಾರ ಕನಿಷ್ಠ ಬೆಲೆ ಗೊತ್ತುಮಾಡಿತು. ಗೃಹೋಪಯೋಗಿ ಎಲೆಕ್ಟ್ರಾನಿಕ್ ವಸ್ತುಗಳಿಗೆ ಕಿಲೋಗೆ 22 ರೂಪಾಯಿ, ಸ್ಮಾರ್ಟ್‌ಫೋನಿಗೆ 34 ರೂಪಾಯಿ. ಇದರ ವಿರುದ್ಧ ಡೈಕಿನ್, ಹ್ಯಾವೆಲ್ಸ್, ವೋಲ್ಟಾಸ್, ಸ್ಯಾಮ್ಸಂಗ್, ಎಲ್‌ಜಿ ಮುಂತಾದ ಕಂಪನಿಗಳು ದೆಹಲಿ ಹೈಕೋರ್ಟ್ ಮೆಟ್ಟಿಲೇರಿದವು. ಬೆಲೆ ಏರಿಸಿದ ಮಾತ್ರಕ್ಕೆ ಪರಿಸರದ ಉದ್ದೇಶ ಈಡೇರದು, ಅನೌಪಚಾರಿಕ ವಲಯವನ್ನು ನಿಯಂತ್ರಿಸಲಾಗದ್ದು ಆಡಳಿತದ ಸೋಲು, ಅದರ ಭಾರವನ್ನು ನಮ್ಮ ಮೇಲೆ ಹಾಕಬೇಡಿ ಎಂಬುದು ಅವರ ವಾದದ ಸಾರ. ಇದರಲ್ಲಿ ಒಂದಂಶ ಸತ್ಯವಿದೆ: ಗುಜರಿಯನ್ನು ನಿಯಮದೊಳಗೆ ತರುವ ಕೆಲಸವನ್ನು ಸರ್ಕಾರ ಮಾಡಿಲ್ಲ. ಆದರೆ ವಾದದ ಮಿಕ್ಕ ಭಾಗ ನಿಲ್ಲುವುದಿಲ್ಲ. ಐವತ್ತು ಕಿಲೋ ತೂಕದ ಫ್ರಿಜ್‌ಗೆ ಕಿಲೋಗೆ 22 ರೂಪಾಯಿಯಂತೆ 1,100 ರೂಪಾಯಿ ಆಗುತ್ತದೆ. ಹಬ್ಬದ ರಿಯಾಯಿತಿಯಲ್ಲಿ ಕಂಪನಿಗಳು ಬಿಟ್ಟುಕೊಡುವ ಮೊತ್ತ ಇದಕ್ಕಿಂತ ದೊಡ್ಡದು. ಮಾಲಿನ್ಯ ಮಾಡಿದವನೇ ದಂಡ ತೆರಬೇಕೆಂಬುದು ಈ ದೇಶದ ನೆಲದ ಕಾನೂನು ಎಂದು ಸುಪ್ರೀಂ ಕೋರ್ಟ್ 1996ರ ವೆಲ್ಲೂರು ಚರ್ಮ ಹದ ಮಾಡುವ ಘಟಕಗಳ ಪ್ರಕರಣದಲ್ಲೇ ಹೇಳಿದೆ.

ಪ್ಲಾಸ್ಟಿಕ್‌ನ ಕಥೆ ಇನ್ನಷ್ಟು ಕಹಿ. 2016ರ ನಿಯಮದಲ್ಲಿ ಒಂದು ಧೀರ ವಾಕ್ಯವಿತ್ತು: ಮರುಬಳಕೆ ಮಾಡಲಾಗದ ಬಹುಪದರದ ಪ್ಲಾಸ್ಟಿಕ್ಕನ್ನು ಎರಡು ವರ್ಷಗಳಲ್ಲಿ ಹಂತಹಂತವಾಗಿ ನಿಲ್ಲಿಸಬೇಕು. ಚಿಪ್ಸ್, ಬಿಸ್ಕತ್ತು, ಸ್ಯಾಶೆಗಳ ಕಂಪನಿಗಳಿಗೆ ಅದು ನೇರ ಸಂದೇಶವಾಗಿತ್ತು. ಎರಡು ವರ್ಷ ತುಂಬುವ ಹೊತ್ತಿಗೆ, 2018ರ ಮಾರ್ಚ್‌ನಲ್ಲಿ, ತಿದ್ದುಪಡಿ ಬಂತು. ಮರುಬಳಕೆಗೆ ಬಾರದ್ದು, ಸುಟ್ಟು ಶಕ್ತಿ ಪಡೆಯಲೂ ಆಗದ್ದು ಅಥವಾ ಬೇರೆ ಯಾವ ಉಪಯೋಗಕ್ಕೂ ಬಾರದ್ದು ಎಂದು ವಾಕ್ಯ ಬದಲಾಯಿತು. ಯಾವ ಪ್ಲಾಸ್ಟಿಕ್ಕನ್ನು ತಾನೇ ಸುಡಲಾಗದು? ಕೆಲವೇ ಪದಗಳ ಸೇರ್ಪಡೆಯಿಂದ ಇಡೀ ನಿಷೇಧ ಆವಿಯಾಯಿತು. ಈ ದೇಶದ ಕಸದ ಇತಿಹಾಸದಲ್ಲಿ ಇಷ್ಟು ದುಬಾರಿಯಾದ ತಿದ್ದುಪಡಿ ಇನ್ನೊಂದಿಲ್ಲ ಎಂದೇ ನಾನು ಭಾವಿಸುತ್ತೇನೆ.

2022ರ ಫೆಬ್ರುವರಿಯ ಮಾರ್ಗಸೂಚಿ ಪ್ಲಾಸ್ಟಿಕ್ ಪ್ಯಾಕಿಂಗಿಗೂ ಪ್ರಮಾಣಪತ್ರದ ಪದ್ಧತಿಯನ್ನೇ ತಂದಿತು. ಗುರಿ ಮೂರೇ ವರ್ಷದಲ್ಲಿ ಶೇ 25ರಿಂದ ಶೇ 100ಕ್ಕೆ ಜಿಗಿಯಿತು. ಅಷ್ಟು ಮಾಲನ್ನು ಸಂಸ್ಕರಿಸುವ ಸಾಮರ್ಥ್ಯ ದೇಶದಲ್ಲಿ ಇರಲಿಲ್ಲ. ಬೇಡಿಕೆ ಇದ್ದು ಮಾಲು ಇಲ್ಲದ ಪೇಟೆಯಲ್ಲಿ ಆಗುವುದೇ ಆಯಿತು. ಕೇಂದ್ರ ಮಂಡಳಿ 2023ರಲ್ಲಿ ಸುಮಾರು 800 ಮರುಬಳಕೆ ಘಟಕಗಳ ತಪಾಸಣೆ ನಡೆಸಿದಾಗ 6 ಲಕ್ಷದಷ್ಟು ನಕಲಿ ಪ್ರಮಾಣಪತ್ರಗಳು ಸಿಕ್ಕವು. ಅವು ಹುಟ್ಟಿದ್ದು ಗುಜರಾತ್, ಮಹಾರಾಷ್ಟ್ರ ಮತ್ತು ಕರ್ನಾಟಕದ ಘಟಕಗಳಲ್ಲಿ. ನಮ್ಮ ರಾಜ್ಯದ ಹೆಸರು ಈ ಪಟ್ಟಿಯಲ್ಲಿರುವುದು ನಾಚಿಕೆಯ ಸಂಗತಿ. ಒಂದು ಕಾಗದ ನಕಲಿಯಾದರೆ ಅದರ ಹಿಂದೆ ಟನ್‌ಗಟ್ಟಲೆ ಪ್ಲಾಸ್ಟಿಕ್ ಎಲ್ಲೋ ರಾಜಕಾಲುವೆಯಲ್ಲೇ ಉಳಿದಿದೆ ಎಂದು ಅರ್ಥ. ಕೊಂಡ ಕಂಪನಿ ಮಾತ್ರ ತನ್ನ ವಾರ್ಷಿಕ ವರದಿಯಲ್ಲಿ ಗುರಿ ಮುಟ್ಟಿದೆನೆಂದು ಬರೆದುಕೊಂಡಿರುತ್ತದೆ.

ಕಾಗದ ಬಿಟ್ಟು ಕಸದ ಜಾಗಕ್ಕೇ ಬರೋಣ. ಕಸ ವಿಂಗಡಣೆ ಕುರಿತ 2012ರ ಕರ್ನಾಟಕ ಹೈಕೋರ್ಟ್ ಆದೇಶದ ನಂತರ ಬೆಂಗಳೂರಿನ ವಾರ್ಡುಗಳಲ್ಲಿ ಒಣ ತ್ಯಾಜ್ಯ ಸಂಗ್ರಹ ಕೇಂದ್ರಗಳು ಬೆಳೆದವು. ಹಲವನ್ನು ಹಿಂದೆ ಚಿಂದಿ ಆಯುತ್ತಿದ್ದವರೇ ನಡೆಸುತ್ತಿದ್ದಾರೆ, ಹಸಿರು ದಳದಂಥ ಸಂಘಟನೆ ಅವರ ಬೆನ್ನಿಗಿದೆ. ಶೆಡ್ಡಿನೊಳಗೆ ಹೆಂಗಸರು ಸಾಲಾಗಿ ಕೂತು ರಾಶಿಯನ್ನು ಬಿಡಿಸುತ್ತಾರೆ. ಕೈಗೆ ಸಿಕ್ಕಿದ ಕವರನ್ನು ಒಮ್ಮೆ ಹಿಸುಕಿ, ಬರುವ ಸದ್ದಿನಿಂದಲೇ ಅದು ಯಾವ ಬಗೆಯ ಪ್ಲಾಸ್ಟಿಕ್ ಎಂದು ಹೇಳುತ್ತಾರೆ. ನೀರಿನ ಬಾಟಲಿ ಒಂದು ಚೀಲಕ್ಕೆ, ಹಾಲಿನ ಕವರ್ ಇನ್ನೊಂದಕ್ಕೆ, ಗಟ್ಟಿ ಪ್ಲಾಸ್ಟಿಕ್ ಬಣ್ಣವಾರು ಬೇರೆ ಬೇರೆ. ಇವಕ್ಕೆಲ್ಲ ನಾಯಂಡಹಳ್ಳಿಯ ವ್ಯಾಪಾರಿಗಳು ಬೆಲೆ ಕಟ್ಟುತ್ತಾರೆ. ಒಳಗೆ ಬೆಳ್ಳಿಯಂತೆ ಹೊಳೆಯುವ ಚಿಪ್ಸ್ ಕವರ್ ಬಂದಾಗ ಮಾತ್ರ ಕೈ ಅದನ್ನು ಹಿಂದಕ್ಕೆ ಎಸೆಯುತ್ತದೆ. ಹಿಂದಿನ ರಾಶಿಯೇ ಎಲ್ಲಕ್ಕಿಂತ ದೊಡ್ಡದು. ಅದಕ್ಕೆ ಕೊಳ್ಳುವವರಿಲ್ಲ. ಒತ್ತಿ ಬೇಲ್ ಕಟ್ಟಿ, ಲಾರಿ ಬಾಡಿಗೆ ಕೊಟ್ಟು, ನೂರಾರು ಕಿಲೋಮೀಟರ್ ದೂರದ ಸಿಮೆಂಟ್ ಕಾರ್ಖಾನೆಯ ಗೂಡಿಗೆ ಉರುವಲಾಗಿ ಕಳಿಸಬೇಕು. ಆ ಬಾಡಿಗೆ ಯಾರು ಕೊಡಬೇಕು? ಹೆಸರು ಅಚ್ಚಾಗಿರುವ ಕಂಪನಿ ಎನ್ನುತ್ತದೆ ಕಾನೂನು. ಬಹಳಷ್ಟು ಸಲ ಅದು ಬೀಳುವುದು ಕೇಂದ್ರ ನಡೆಸುವವರ ಅಥವಾ ಪಾಲಿಕೆಯ ತಲೆಯ ಮೇಲೆ.

ಹಳ್ಳಿಗಳಲ್ಲಿ ಪರಿಸ್ಥಿತಿ ಇನ್ನೂ ಬಿಗಿ. ಗ್ರಾಮ ಪಂಚಾಯಿತಿಗಳಲ್ಲಿ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಡ್ರೈವಿಂಗ್ ಕಲಿತು ಸ್ವಚ್ಛ ವಾಹಿನಿ ಓಡಿಸುತ್ತಿರುವುದು ಕರ್ನಾಟಕ ಹೆಮ್ಮೆಪಡಬೇಕಾದ ಸಂಗತಿ. ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ, ಮಂಗಳೂರು ತಾಲ್ಲೂಕಿನ ತೆಂಕ ಎಡಪದವಿನಲ್ಲಿ ಹಲವು ಪಂಚಾಯಿತಿಗಳ ಒಣ ಕಸವನ್ನು ಒಟ್ಟಿಗೆ ಬೇರ್ಪಡಿಸುವ ಎಂಆರ್‌ಎಫ್ ಘಟಕಗಳು ಬಂದಿವೆ. ಆದರೆ ಬಹುತೇಕ ಪಂಚಾಯಿತಿಗಳ ವಾಹನದ ಡೀಸೆಲ್ಲು, ಚಾಲಕಿಯ ಗೌರವಧನ ಬರುವುದು ಮನೆಮನೆಯಿಂದ ವಸೂಲಾಗುವ ಚಿಲ್ಲರೆ ಶುಲ್ಕ ಮತ್ತು ಸರ್ಕಾರದ ಅನುದಾನದಿಂದ. ಒಂದು ರೂಪಾಯಿ ಸ್ಯಾಶೆಯನ್ನು ಕಟ್ಟಕಡೆಯ ಹಟ್ಟಿಯ ಗೂಡಂಗಡಿಗೆ ತಲುಪಿಸುವ ಜಾಲ ಕಟ್ಟಿದ ಕಂಪನಿಗೆ, ಖಾಲಿ ಸ್ಯಾಶೆಯನ್ನು ಅಲ್ಲಿಂದ ತರಿಸುವ ಜಾಲ ಕಟ್ಟುವುದು ಅಸಾಧ್ಯವೇನಲ್ಲ. ಉಂಡೂ ಹೋದ, ಕೊಂಡೂ ಹೋದ ಎಂಬಂತೆ ಮಾರಾಟದ ಲಾಭವೂ ಅವರಿಗೆ, ಸಾಗಣೆಯ ಉಳಿತಾಯವೂ ಅವರಿಗೆ.

2016ರ ಘನತ್ಯಾಜ್ಯ ನಿಯಮದ 17ನೇ ಕಲಂನಲ್ಲಿ ಇದಕ್ಕೆ ನೇರ ಉತ್ತರ ಬರೆದಿತ್ತು. ಒಮ್ಮೆ ಬಳಸಿ ಎಸೆಯುವ ಪ್ಯಾಕಿಂಗ್ ತಯಾರಿಸುವವರು ಸ್ಥಳೀಯ ಸಂಸ್ಥೆಗಳಿಗೆ ಹಣಕಾಸಿನ ನೆರವು ಕೊಡಬೇಕು, ಕೊಳೆಯದ ಪ್ಯಾಕಿಂಗನ್ನು ವಾಪಸ್ ಪಡೆಯುವ ವ್ಯವಸ್ಥೆ ಮಾಡಬೇಕು, ಸ್ಯಾನಿಟರಿ ಪ್ಯಾಡ್ ಮತ್ತು ಡಯಾಪರ್‌ಗಳಿಗೆ ಮರುಬಳಕೆಯಾಗುವ ವಸ್ತು ಬಳಸುವ ದಾರಿ ಹುಡುಕಬೇಕು, ಇಲ್ಲವೇ ಪ್ರತಿಯೊಂದನ್ನೂ ಸುತ್ತಿ ಎಸೆಯಲು ಚೀಲ ಕೊಡಬೇಕು. ಪೌರಕಾರ್ಮಿಕ ಮಹಿಳೆಯೊಬ್ಬರು ಬರಿಗೈಯಲ್ಲಿ ಮತ್ತೊಬ್ಬರ ರಕ್ತದ ಪ್ಯಾಡನ್ನು ಬೇರ್ಪಡಿಸುವುದು ಮಾನವ ಘನತೆಗೆ ಆಗುವ ಅವಮಾನ. ಅದನ್ನು ತಪ್ಪಿಸಲು ನಿಯಮ ಕೇಳಿದ್ದು ಒಂದು ಚೀಲ. ಎಷ್ಟು ಪೊಟ್ಟಣಗಳಲ್ಲಿ ಆ ಚೀಲ ಸಿಗುತ್ತದೆ ಎಂದು ಓದುಗರೇ ನೋಡಿಕೊಳ್ಳಬಹುದು. ಪ್ಯಾಡ್, ಗಾಜು, ಕಾಗದ, ಲೋಹದ ಪ್ಯಾಕಿಂಗುಗಳಿಗೂ ಇಪಿಆರ್ ತರುವ ಕರಡನ್ನು ಕೇಂದ್ರ 2024ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಅಲ್ಲೂ ಆಧಾರ ಅದೇ ಪ್ರಮಾಣಪತ್ರ.

ಶಿಕ್ಷೆಯ ಭಯವೂ ಕಡಿಮೆಯಾಗಿದೆ. ಪರಿಸರ ಸಂರಕ್ಷಣಾ ಕಾಯ್ದೆಯಲ್ಲಿದ್ದ ಜೈಲು ಶಿಕ್ಷೆಯ ಅವಕಾಶವನ್ನು 2023ರ ಜನ ವಿಶ್ವಾಸ ಕಾಯ್ದೆ ತೆಗೆದು, 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡವಾಗಿಸಿತು. ಸಣ್ಣ ತಪ್ಪಿಗೆ ಜೈಲು ಬೇಡ ಎಂಬುದು ಸರಿ. ದೇಶದಾದ್ಯಂತ ಮಾರುವ ಕಂಪನಿಗೆ 15 ಲಕ್ಷ ಎಂದರೆ ಒಂದು ದಿನದ ಜಾಹೀರಾತಿನ ಖರ್ಚೂ ಅಲ್ಲ.

ಹಾಗಾದರೆ ಏನು ಮಾಡಬೇಕು? ಕೇಂದ್ರದ ಮಟ್ಟದಲ್ಲಿ ಮೂರು ಬದಲಾವಣೆ ತುರ್ತಾಗಿ ಆಗಬೇಕು. ಪ್ರಮಾಣಪತ್ರಕ್ಕೆ ಕೊಟ್ಟ ಹಣದಲ್ಲಿ ನಿಗದಿತ ಪಾಲು ಕಸ ಎತ್ತಿದ ಪಂಚಾಯಿತಿ, ಪಾಲಿಕೆ, ಬೇರ್ಪಡಿಸಿದ ಕಾರ್ಮಿಕರಿಗೆ ತಲುಪಬೇಕು. ತೂಕದ ಚೀಟಿ ಶೆಡ್ಡಿನಿಂದಲೇ ಶುರುವಾದರೆ ನಕಲಿ ಹುಟ್ಟುವ ಜಾಗವೂ ಕಿರಿದಾಗುತ್ತದೆ. ಎರಡನೆಯದು, ವಿನ್ಯಾಸಕ್ಕೆ ತಕ್ಕ ಶುಲ್ಕ. ಬ್ಯಾಟರಿಯನ್ನು ಅಂಟು ಹಾಕಿ ಮುಚ್ಚಿದ ಫೋನಿಗೂ, ಸ್ಕ್ರೂ ಬಿಚ್ಚಿ ಬದಲಿಸಬಹುದಾದ ಫೋನಿಗೂ ಕಿಲೋ ಲೆಕ್ಕದಲ್ಲಿ ಒಂದೇ ಹೊಣೆ ಇದ್ದರೆ ಯಾವ ಎಂಜಿನಿಯರ್ ಸ್ಕ್ರೂ ಆರಿಸುತ್ತಾನೆ? ಫ್ರಾನ್ಸ್ 2021ರಿಂದ ಕೆಲವು ಉಪಕರಣಗಳಿಗೆ ದುರಸ್ತಿ ಅಂಕ ನಮೂದಿಸುವುದನ್ನು ಕಡ್ಡಾಯ ಮಾಡಿದೆ. ಸಣ್ಣ ಉಪಕರಣಗಳ ಬ್ಯಾಟರಿಯನ್ನು ಬಳಕೆದಾರರೇ ಬದಲಿಸುವಂತಿರಬೇಕು ಎಂಬ ಐರೋಪ್ಯ ಒಕ್ಕೂಟದ ನಿಯಮಕ್ಕೆ 2027ರ ಫೆಬ್ರುವರಿಯ ಗಡುವಿದೆ. ಲಿಂಡ್‌ಕ್ವಿಸ್ಟ್ ಹೇಳಿದ್ದು ಇದನ್ನೇ. ಮೂರನೆಯದು, ಯಾವ ಕಂಪನಿ ಎಷ್ಟು ಮಾರಿತು, ಎಷ್ಟು ಪ್ರಮಾಣಪತ್ರ ಯಾರಿಂದ ಕೊಂಡಿತು ಎಂಬುದನ್ನು ಜಿಲ್ಲಾವಾರು ಸಾರ್ವಜನಿಕರ ಮುಂದಿಡಬೇಕು.

ಆದರೆ ರಾಜ್ಯ ಸರ್ಕಾರ ದೆಹಲಿಯತ್ತ ಬೆರಳು ತೋರಿಸಿ ಕೂರುವಂತಿಲ್ಲ. ಮುಂಗಡ ಹಣ ಇಟ್ಟುಕೊಂಡು, ಖಾಲಿ ವಾಪಸ್ ಕೊಟ್ಟಾಗ ಹಿಂದಿರುಗಿಸುವ ಪದ್ಧತಿ ನಮಗೆ ಹೊಸದೂ ಅಲ್ಲ. ಗೋಲಿ ಸೋಡಾದ ಬಾಟಲಿಯನ್ನು ಅಂಗಡಿಯಲ್ಲೇ ಬಿಟ್ಟುಬಂದ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ಜರ್ಮನಿ 2003ರಿಂದ ಪಾನೀಯದ ಬಾಟಲಿ, ಕ್ಯಾನುಗಳಿಗೆ 25 ಸೆಂಟ್ ಮುಂಗಡ ಪಡೆಯುತ್ತದೆ. ನೂರಕ್ಕೆ 98ರಷ್ಟು ವಾಪಸ್ ಬರುತ್ತವೆ. ಅಷ್ಟು ದೂರ ಹೋಗುವುದೂ ಬೇಡ. ಗುಂಡ್ಲುಪೇಟೆ ದಾಟಿ ಬಂಡೀಪುರದಾಚೆ ಇಳಿದರೆ ನೀಲಗಿರಿ. ಅಲ್ಲಿ ಒಡೆದ ಮದ್ಯದ ಬಾಟಲಿಗಳಿಂದ ಕಾಡುಪ್ರಾಣಿಗಳಿಗೆ ಆಗುತ್ತಿದ್ದ ಗಾಯ ಮದ್ರಾಸ್ ಹೈಕೋರ್ಟಿನ ಗಮನಕ್ಕೆ ಬಂದು, 2022ರ ಮೇ ತಿಂಗಳಿನಿಂದ ತಮಿಳುನಾಡು ಸರ್ಕಾರದ ಟಾಸ್ಮ್ಯಾಕ್ ಮದ್ಯದಂಗಡಿಗಳು ಬಾಟಲಿಗೆ 10 ರೂಪಾಯಿ ಹೆಚ್ಚು ಪಡೆದು, ಖಾಲಿ ಬಾಟಲಿ ತಂದವರಿಗೆ ಹಿಂದಿರುಗಿಸತೊಡಗಿದವು. ಬಹುಪಾಲು ಬಾಟಲಿಗಳು ವಾಪಸ್ ಬಂದವು. ಯೋಜನೆ ಬೇರೆ ಜಿಲ್ಲೆಗಳಿಗೂ ಹಬ್ಬಿತು. ಕೇರಳವೂ 20 ರೂಪಾಯಿ ಮುಂಗಡದ ಪ್ರಯೋಗಕ್ಕೆ ಇಳಿದಿದೆ. ಎರಡೂ ನೆರೆರಾಜ್ಯಗಳು ಮಾಡಿದ್ದನ್ನು ನಾವು ಮಾಡಲಾರೆವೇ?

ಕರ್ನಾಟಕದಲ್ಲಿ ಮದ್ಯದ ಸಗಟು ವಹಿವಾಟು ಪೂರ್ತಿ ಸರ್ಕಾರದ್ದೇ ಆದ ಪಾನೀಯ ನಿಗಮದ ಕೈಯಲ್ಲಿದೆ. ಗದ್ದೆಗೆ ಇಳಿದ ರೈತನ ಕಾಲಿಗೆ ಚುಚ್ಚುವ ಬಾಟಲಿ ಚೂರು, ಕೆರೆ ಏರಿಯ ಮೇಲೆ ಚೆಲ್ಲಿರುವ 90 ಎಂ.ಎಲ್. ಟೆಟ್ರಾ ಪ್ಯಾಕು ಎಲ್ಲವೂ ಆ ಒಂದೇ ಬಾಗಿಲಿನಿಂದ ಹೊರಬಿದ್ದವು. ಹಾಲಿನ ವಿಷಯದಲ್ಲೂ ಅಷ್ಟೇ. ದಿನವೂ ಲಕ್ಷಾಂತರ ಮನೆಗೆ ಹೋಗುವ ನಂದಿನಿ ಕವರಿನ ಬ್ರಾಂಡ್ ಮಾಲೀಕ ಕರ್ನಾಟಕ ಹಾಲು ಮಹಾಮಂಡಳ. ಹಾಲಿನ ಕವರು ಮರುಬಳಕೆಗೆ ಸುಲಭವಾದ ಪ್ಲಾಸ್ಟಿಕ್, ಚಿಪ್ಸ್ ಕವರಿನಂಥದ್ದಲ್ಲ. ಬೆಳಗಿನ ಹೊತ್ತು ಕವರು ಮಾರುವ ಬೂತೇ ತೊಳೆದ ಖಾಲಿ ಕವರನ್ನು ಪಡೆಯಬಹುದು. ಬೂತಿಗೆ ಹಾಲು ತಂದು ಖಾಲಿ ಕ್ರೇಟಿನೊಂದಿಗೆ ಹಿಂದಿರುಗುವ ವಾಹನವೂ ಅಲ್ಲೇ ನಿಂತಿರುತ್ತದೆ.

ಈ ಎರಡಕ್ಕೆ ಕೇಂದ್ರದ ಅಪ್ಪಣೆ ಬೇಡ, ಹೊಸ ಶಾಸನ ಬೇಡ, ಕಂಪನಿಗಳ ಜೊತೆ ಕೋರ್ಟಿನಲ್ಲಿ ಗುದ್ದಾಡುವುದೂ ಬೇಡ. ಮಾರುವವರ ಜಾಗದಲ್ಲಿ ಸರ್ಕಾರದ ನಿಗಮ ಮತ್ತು ಸಹಕಾರಿ ಮಹಾಮಂಡಳವೇ ಕೂತಿವೆ. ಪಾನೀಯ ನಿಗಮ ಬಾಟಲಿಗೆ, ಹಾಲು ಮಹಾಮಂಡಳ ಕವರಿಗೆ ಮುಂಗಡ ಹಣದ ಪದ್ಧತಿಯನ್ನು ಒಂದೊಂದು ಜಿಲ್ಲೆಯಲ್ಲಾದರೂ ಈ ವರ್ಷವೇ ಆರಂಭಿಸಲಿ, ವಾಪಸ್ ಬಂದ ಲೆಕ್ಕವನ್ನು ತಿಂಗಳು ತಿಂಗಳು ಜನರ ಮುಂದಿಡಲಿ. ತನ್ನ ಕೈಯಳತೆಯಲ್ಲಿರುವ ಬಾಟಲಿ, ಕವರನ್ನು ವಾಪಸ್ ತರಿಸಿದ ಸರ್ಕಾರಕ್ಕೆ ಮಾತ್ರ ಚಿಪ್ಸ್ ಕಂಪನಿಯ ಬಾಗಿಲು ತಟ್ಟಿ ಕೇಳುವ ಹಕ್ಕು ಬರುತ್ತದೆ.